ಊರ ಕೋಳಿಯ ಸೂಪು, ಉಳಿದ ಮಾಂಸಕ್ಕೆ ಗೆರಟೆ ಕೆಂಡ

ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ಹೊತ್ತಿಗೆ, ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಮಳೆ ಹಿಡಿದರೆ ಮೂರು ನಾಲ್ಕು ದಿನ ಬಿಡುವುದಿಲ್ಲ. ಅಂಗಳದಲ್ಲಿ ಪಾಚಿ, ಹಗ್ಗದ ಮೇಲೆ ಒಣಗದ ಬಟ್ಟೆ, ಮನೆಯಲ್ಲಿ ಒಬ್ಬರಿಗಾದರೂ ಶೀತ. ಅಂಥ ದಿನ ಒಂದು ಕೋಳಿ ತಂದರೆ ಎರಡು ಹೊತ್ತಿನ ಊಟ ಆಗುತ್ತದೆ. ಮಧ್ಯಾಹ್ನ ಬಿಸಿ ಬಿಸಿ ಸೂಪು. ರಾತ್ರಿ ಅದೇ ಕೋಳಿಯ ಮಾಂಸ, ಕೆಂಡದ ಮೇಲೆ ಸುಟ್ಟದ್ದು.

ಮದುವೆಯಾದ ಹೊಸತರಲ್ಲಿ ನಾನು ಇಡೀ ಕೋಳಿಯನ್ನು ಒಟ್ಟಿಗೇ ಪಾತ್ರೆಗೆ ಹಾಕಿ ಮೂರು ಗಂಟೆ ಕುದಿಸುತ್ತಿದ್ದೆ. ಸೂಪು ಚೆನ್ನಾಗಿಯೇ ಇರುತ್ತಿತ್ತು. ಆದರೆ ಮಾಂಸ ತೆಂಗಿನ ನಾರಿನ ಹಾಗೆ ಆಗಿ, ಕೊನೆಗೆ ಬೆಕ್ಕಿಗೆ ಹೋಗುತ್ತಿತ್ತು. ಒಂದು ದಿನ ಅತ್ತೆ ಪಕ್ಕದಲ್ಲಿ ನಿಂತು ನೋಡಿ, "ಮಾಂಸ ಬೆಂದ ಕೂಡಲೇ ತೆಗಿ ಮಗಾ, ಎಲುಬಿಗೆ ಇನ್ನೂ ಕೆಲಸ ಇದೆ" ಅಂದರು. ಈ ಅಡುಗೆಯಲ್ಲಿ ನೆನಪಿಡಬೇಕಾದದ್ದು ಅದೊಂದೇ. ಮಾಂಸ ಬೇಯಲು ಬೇಕಾದ ಹೊತ್ತು ಬೇರೆ, ಎಲುಬು ರಸ ಬಿಡಲು ಬೇಕಾದ ಹೊತ್ತು ಬೇರೆ. ಎರಡನ್ನೂ ಬೇರೆ ಮಾಡಿದರೆ ಸೂಪೂ ಸಿಗುತ್ತದೆ, ಸುಡಲು ಒಳ್ಳೆಯ ಮಾಂಸವೂ ಉಳಿಯುತ್ತದೆ.

ಯಾವ ಕೋಳಿ?

ನಮ್ಮ ಪೇಟೆಯ ಕೋಳಿ ಅಂಗಡಿಯಲ್ಲಿ ಒಂದೇ ಕೋಳಿಗೆ ಮೂರು ಹೆಸರು. ಕನ್ನಡದವರು ಊರ ಕೋಳಿ ಅನ್ನುತ್ತಾರೆ, ತುಳುವಿನವರು ಊರ್ದ ಕೋರಿ, ಮಲಯಾಳದವರು ನಾಡನ್ ಕೋಳಿ. ಹೆಸರು ಏನೇ ಇರಲಿ, ಸೂಪಿಗೆ ಅದೇ ಮೊದಲ ಆಯ್ಕೆ. ಓಡಾಡಿ ಬೆಳೆದ ಕೋಳಿಯ ಎಲುಬು ಗಟ್ಟಿ, ಕೀಲುಗಳಲ್ಲಿ ಅಂಟು ಜಾಸ್ತಿ. ಬಾಯ್ಲರ್ ಕೋಳಿಯನ್ನು ಸುಮಾರು ಆರು ವಾರದೊಳಗೆ ಮಾರಾಟಕ್ಕೆ ತರುತ್ತಾರೆ. ಅಷ್ಟು ಎಳೆಯ ಎಲುಬಿನಿಂದ ಸೂಪಿಗೆ ಹೆಚ್ಚು ಸತ್ವ ಬರುವುದಿಲ್ಲ.

ಊರ ಕೋಳಿ ದುಬಾರಿ ಅನಿಸಿದರೆ ಮೊಟ್ಟೆ ಇಟ್ಟು ಮುಗಿಸಿದ ಲೇಯರ್ ಕೋಳಿ ಕೇಳಿ. ಸಾಕಣೆಯವರು ಒಂದೂವರೆ ವರ್ಷದ ಹೊತ್ತಿಗೆ ಅವನ್ನು ಮಾರಿಬಿಡುತ್ತಾರೆ. ಮಾಂಸ ಗಡಸು ಅಂತ ಅನೇಕರು ಬೇಡ ಅನ್ನುತ್ತಾರೆ. ಸೂಪಿಗೆ ಮಾತ್ರ ಅದು ತುಂಬ ಒಳ್ಳೆಯದು, ಬೆಲೆಯೂ ಕಡಿಮೆ. ಬಾಯ್ಲರ್ ಬಿಟ್ಟು ಬೇರೆ ಸಿಗದಿದ್ದರೆ ಅದರಲ್ಲೇ ಮಾಡಿ, ಆದರೆ ಅರ್ಧ ಕಿಲೋ ಕೋಳಿ ಪಾದ ಹೆಚ್ಚುವರಿ ಕೇಳಿ ತನ್ನಿ. ಪಾದದಲ್ಲಿ ಮಾಂಸ ಇಲ್ಲ, ಇರುವುದೆಲ್ಲ ಚರ್ಮ ಮತ್ತು ಅಂಟು. ಸೂಪಿಗೆ ಬೇಕಾದದ್ದೂ ಅದೇ.

ಅಂಗಡಿಯಲ್ಲಿ ಹೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ಚರ್ಮ ಬೇಕು ಅಂತ ಮೊದಲೇ ಹೇಳಿ. ಮನೆಯಲ್ಲೇ ಕೊಯ್ಯುವವರಿಗೆ ಇದು ಗೊತ್ತು: ಬಿಸಿನೀರಿನಲ್ಲಿ ಮುಳುಗಿಸಿ ಪುಕ್ಕ ಕಿತ್ತು, ಉರಿಯ ಮೇಲೆ ಹಿಡಿದು ಸಣ್ಣ ರೋಮ ಸುಟ್ಟು, ಅರಿಶಿನ ಹಚ್ಚಿ ಉಜ್ಜುತ್ತೇವೆ. ಹಾಗೆ ಮಾಡಿದ ಚರ್ಮಕ್ಕೆ ಒಂದು ಹೊಗೆಯ ಪರಿಮಳ ಇರುತ್ತದೆ. ಅದು ಸೂಪಿಗೂ ಬರುತ್ತದೆ, ಸುಡುವಾಗ ಮಾಂಸ ಒಣಗದಂತೆಯೂ ಕಾಯುತ್ತದೆ.

ತುಂಡು ಮಾಡಿಸುವಾಗಲೂ ಗಮನ ಇರಲಿ. ಸಾರಿಗೆ ಮಾಡುವ ಹಾಗೆ ಸಣ್ಣ ಸಣ್ಣ ತುಂಡು ಬೇಡ. ತೊಡೆಯೂ ಕೆಳಗಿನ ಕಾಲೂ ಸೇರಿದ ಇಡೀ ತುಂಡು ಎರಡು, ಎಲುಬು ಸಮೇತ ಎದೆ ಎರಡು, ರೆಕ್ಕೆ ಎರಡು. ಬೆನ್ನು, ಕುತ್ತಿಗೆ, ಪಾದ ಬೇರೆ. ಲಿವರ್ ಸೂಪಿಗೆ ಹಾಕಬೇಡಿ. ಸೂಪು ಕದಡಿದ ಹಾಗಾಗುತ್ತದೆ, ಸ್ವಲ್ಪ ಕಹಿಯೂ ಬರುತ್ತದೆ. ಅದನ್ನು ಈರುಳ್ಳಿ, ಕಾಳುಮೆಣಸು ಹಾಕಿ ಬೇರೆಯೇ ಹುರಿದುಕೊಳ್ಳಿ.

ತೊಳೆಯುವ ವಿಷಯ. ನಳ್ಳಿ ಜೋರಾಗಿ ಬಿಟ್ಟು ಅದರ ಕೆಳಗೆ ಕೋಳಿ ಹಿಡಿಯಬೇಡಿ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ನೀರು ಚಿಮ್ಮಿದ ಕಡೆಗೆಲ್ಲ ಅದು ಹೋಗುತ್ತದೆ, ಪಕ್ಕದಲ್ಲಿ ಹೆಚ್ಚಿಟ್ಟ ಸೌತೆಕಾಯಿಗೂ ಹೋಗುತ್ತದೆ. ತೊಳೆಯಲೇಬೇಕು ಅಂತಿದ್ದರೆ ಅಗಲದ ಪಾತ್ರೆಯಲ್ಲಿ ನೀರು ತುಂಬಿ, ಚಿಮ್ಮದ ಹಾಗೆ ಮೆಲ್ಲಗೆ ತೊಳೆಯಿರಿ. ಆಮೇಲೆ ಕೈ, ಕತ್ತಿ, ಮಣೆ ಎಲ್ಲವನ್ನೂ ಸಾಬೂನು ಹಾಕಿ ತೊಳೆಯಿರಿ.

ಸೂಪು

ಒಂದೂಕಾಲು ಕಿಲೋ ಮಾಂಸಕ್ಕೆ ಎರಡೂವರೆ ಲೀಟರ್ ನೀರು ಸಾಕು. ನೀರು ತಣ್ಣಗೆ ಇರಲಿ. ಬಿಸಿನೀರಿಗೆ ಹಾಕಿದರೆ ಮಾಂಸದಿಂದ ಬರುವ ಕೊಳೆ ಒಮ್ಮೆಲೇ ಗಟ್ಟಿಯಾಗಿ ನೀರಿನಲ್ಲಿ ಚೂರು ಚೂರಾಗಿ ಸೇರಿಹೋಗುತ್ತದೆ. ತಣ್ಣೀರಿನಿಂದ ಶುರು ಮಾಡಿದರೆ ಅದು ನಿಧಾನವಾಗಿ ನೊರೆಯಾಗಿ ಮೇಲೆ ಬರುತ್ತದೆ, ತೆಗೆಯಲು ಸುಲಭ.

ಪಾತ್ರೆಯ ತಳಕ್ಕೆ ಬೆನ್ನು, ಕುತ್ತಿಗೆ, ಪಾದ. ಅದರ ಮೇಲೆ ಕಾಲು, ರೆಕ್ಕೆ. ಎಲ್ಲಕ್ಕಿಂತ ಮೇಲೆ ಎದೆ, ಯಾಕೆಂದರೆ ಅದನ್ನು ಮೊದಲು ತೆಗೆಯಬೇಕು. ಪಾದವನ್ನು ಮಾತ್ರ ಮುಂಚೆಯೇ ಬೇರೆ ನೀರಿನಲ್ಲಿ ಎರಡು ನಿಮಿಷ ಕುದಿಸಿ, ಮೇಲಿನ ಹಳದಿ ಪೊರೆ ಸುಲಿದು, ಉಗುರು ಕತ್ತರಿಸಿ ಹಾಕಿ.

ಮಧ್ಯಮ ಉರಿಯಲ್ಲಿ ಇಡಿ. ಇಪ್ಪತ್ತು ನಿಮಿಷದಲ್ಲಿ ಬೂದು ಬಣ್ಣದ ನೊರೆ ಏಳುತ್ತದೆ. ಈ ಹೊತ್ತಿನಲ್ಲಿ ಒಲೆಯ ಹತ್ತಿರವೇ ಇರಿ. ಚಪ್ಪಟೆ ಸೌಟಿನಲ್ಲಿ ನೊರೆ ತೆಗೆಯುತ್ತಾ ಇರಿ, ಬಿಳಿ ನೊರೆ ಬರುವವರೆಗೆ. ಆಮೇಲಷ್ಟೇ ಮಸಾಲೆ ಹಾಕಬೇಕು. ಮೊದಲೇ ಹಾಕಿದರೆ ನೊರೆಯ ಜೊತೆ ಕಾಳುಮೆಣಸೂ ಹೋಗುತ್ತದೆ.

ಹಾಕುವುದು ಇಷ್ಟು: ಎರಡು ಈರುಳ್ಳಿ ನಾಲ್ಕು ಭಾಗ ಮಾಡಿ, ಒಂದರ ಒಳಸಿಪ್ಪೆ ಸುಲಿಯದೆ ಹಾಗೇ ಬಿಟ್ಟರೆ ಬಣ್ಣ ಚೆನ್ನಾಗಿ ಬರುತ್ತದೆ. ಹೆಬ್ಬೆರಳಿನಷ್ಟು ಶುಂಠಿ ಜಜ್ಜಿ. ಬೆಳ್ಳುಳ್ಳಿ ಆರು ಎಸಳು. ಕಾಳುಮೆಣಸು ಒಂದು ಚಮಚ, ಕೊತ್ತಂಬರಿ ಬೀಜ ಒಂದು ಚಮಚ, ಜೀರಿಗೆ ಅರ್ಧ ಚಮಚ, ಮೂರನ್ನೂ ತರಿತರಿಯಾಗಿ ಕುಟ್ಟಿ. ಅರಿಶಿನ ಕಾಲು ಚಮಚ, ಒಂದು ಎಸಳು ಕರಿಬೇವು, ಉಪ್ಪು ಒಂದು ಚಮಚ. ಉಪ್ಪು ಈಗ ಕಡಿಮೆಯೇ ಇರಲಿ, ಸೂಪು ಇಂಗಿದ ಮೇಲೆ ನೋಡಿ ಹಾಕಬಹುದು. ಲವಂಗ, ಏಲಕ್ಕಿ, ಗಸಗಸೆ ಎಲ್ಲ ನಾನು ಹಾಕುವುದಿಲ್ಲ. ನಮ್ಮ ಅಡಿಕೆ ತೋಟದ ಮೆಣಸಿನ ಬಳ್ಳಿಯಲ್ಲಿ ಆದ ಕಾಳುಮೆಣಸಿನ ಘಾಟು ಇರುವಾಗ ಬೇರೆ ಯಾವುದೂ ಬೇಡ ಅಂತ ನನ್ನ ಅಭಿಪ್ರಾಯ.

ಇನ್ನು ಉರಿ ಸಣ್ಣದು ಮಾಡಿ. ಸೂಪು ಕೊತಕೊತ ಕುದಿಯಬಾರದು. ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಅಷ್ಟೆ. ಜೋರಾಗಿ ಕುದಿದರೆ ನೆಣವೂ ನೀರೂ ಕಲಸಿಹೋಗಿ ಸೂಪು ಬೆಳ್ಳಗೆ ಮಬ್ಬಾಗುತ್ತದೆ, ಮಾಂಸವೂ ಬಿಗಿಯುತ್ತದೆ.

ಈಗ ಬಂತು ಅತ್ತೆಯ ಮಾತು. ಬಾಯ್ಲರ್ ಆದರೆ ಎದೆಯನ್ನು 20ರಿಂದ 25 ನಿಮಿಷದಲ್ಲಿ, ಕಾಲನ್ನು 35ರಿಂದ 40 ನಿಮಿಷದಲ್ಲಿ ಹೊರಗೆ ತೆಗೆಯಿರಿ. ಊರ ಕೋಳಿಗೆ ಒಂದು ಲೆಕ್ಕ ಹೇಳುವುದು ಕಷ್ಟ. ಎಳೆಯದಾದರೆ ಒಂದು ಗಂಟೆ, ವರ್ಷ ದಾಟಿದ್ದಾದರೆ ಒಂದೂವರೆಯಿಂದ ಎರಡು ಗಂಟೆ, ಮುದಿ ಹುಂಜ ಇನ್ನೂ ಕೇಳುತ್ತದೆ. ಅದರಲ್ಲೂ ಎದೆ ಕಾಲಿಗಿಂತ ಮೊದಲೇ ಬೇಯುತ್ತದೆ, ಮುಕ್ಕಾಲು ಗಂಟೆಯಿಂದಲೇ ಚುಚ್ಚಿ ನೋಡುತ್ತಾ ಇರಿ. ತೊಡೆಯ ದಪ್ಪ ಭಾಗಕ್ಕೆ ಚೂರಿಯ ತುದಿ ಚುಚ್ಚಿ. ಸ್ವಲ್ಪ ತಡೆದು ಒಳಗೆ ಹೋಗಬೇಕು, ಬರುವ ರಸ ಕೆಂಪಾಗಿ ಇರಬಾರದು. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಮುಟ್ಟಿರಬೇಕು. ಮಾಂಸ ಎಲುಬಿನಿಂದ ಕಳಚಿ ಬೀಳುವವರೆಗೆ ಕಾಯಬೇಡಿ. ಕಳಚಿ ಬಿದ್ದದ್ದು ಜಾಲರಿಯ ಮೇಲೆ ನಿಲ್ಲುವುದಿಲ್ಲ.

ತೆಗೆದ ತುಂಡಿಗೆ ಒಂದು ಸೌಟು ಸೂಪು ಸುರಿದು ಮುಚ್ಚಿಡಿ. ಸುಮ್ನೆ ತಟ್ಟೆಯಲ್ಲಿ ಬಿಟ್ಟರೆ ಹಬೆಯ ಜೊತೆ ರಸವೂ ಹೋಗಿ ಮಾಂಸ ಒಣಗುತ್ತದೆ. ಕೈ ತಾಗಿಸುವಷ್ಟು ಆರಿದ ಮೇಲೆ ಎದೆಯ ಮಾಂಸ ಬಿಡಿಸಿಕೊಂಡು ಅದರ ಎಲುಬು, ರೆಕ್ಕೆಯ ತುದಿ ಎಲ್ಲ ಪಾತ್ರೆಗೆ ವಾಪಸ್ ಹಾಕಿ. ಕಾಲು ಮತ್ತು ರೆಕ್ಕೆ ಎಲುಬು ಸಮೇತ ಹಾಗೇ ಇರಲಿ. ಸುಡುವಾಗ ಎಲುಬು ಇದ್ದರೆ ಮಗುಚಲು ಹಿಡಿ ಸಿಗುತ್ತದೆ.

ಪಾತ್ರೆಯಲ್ಲಿ ಉಳಿದ ಎಲುಬಿಗೆ ಇನ್ನು ಒಂದೂವರೆ ಗಂಟೆ. ಕೀಲು, ಚರ್ಮ, ಪಾದದಲ್ಲಿ ಇರುವ ಅಂಟಿಗೆ ಕೊಲಾಜೆನ್ ಅನ್ನುತ್ತಾರೆ. ಬಿಸಿಯಲ್ಲಿ ತುಂಬ ಹೊತ್ತು ಇದ್ದರೆ ಅದು ಜೆಲಾಟಿನ್ ಆಗಿ ನೀರಿಗೆ ಇಳಿಯುತ್ತದೆ. ತುಟಿಗೆ ಸ್ವಲ್ಪ ಅಂಟುವ ಹಾಗೆ ಇರುವ ಸೂಪಿನ ಗುಟ್ಟು ಇದೇ. ಮೈದಾ, ಜೋಳದ ಹಿಟ್ಟು ಏನೂ ಬೇಡ.

ಗ್ಯಾಸ್ ಉಳಿಸಬೇಕು ಅಂತಿದ್ದರೆ ಈ ಎರಡನೆಯ ಹಂತಕ್ಕೆ ಕುಕ್ಕರ್ ಬಳಸಿ. ಮೊದಲ ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ವಿಸಿಲ್ ಎತ್ತಿ ಗಾಳಿ ಬಿಡಬೇಡಿ, ತಾನಾಗಿ ಇಳಿಯಲಿ. ಎತ್ತಿದ ಕೂಡಲೇ ಒಳಗೆ ಸೂಪು ಜೋರಾಗಿ ಕುದಿದು ಮಬ್ಬಾಗುತ್ತದೆ.

ಸೋಸಿ, ಉಪ್ಪು ನೋಡಿ, ಬಿಡಿಸಿಟ್ಟ ಎದೆ ಮಾಂಸದಲ್ಲಿ ಅರ್ಧದಷ್ಟು ಎಳೆ ಎಳೆಯಾಗಿ ಹಾಕಿ, ಲೋಟದಲ್ಲಿ ಕೊಡಿ. ಲಿಂಬೆ ಬೇಕಿದ್ದರೆ ಕುಡಿಯುವಾಗ ಹಿಂಡಿಕೊಳ್ಳಲಿ, ಪಾತ್ರೆಗೆ ಬೇಡ. ಜ್ವರ ಬಂದವರಿಗೆ ಕುಚ್ಚಲಕ್ಕಿ ಗಂಜಿಯನ್ನು ಈ ಸೂಪಿನಲ್ಲಿ ತೆಳ್ಳಗೆ ಮಾಡಿ ಕೊಟ್ಟರೆ ಹೊಟ್ಟೆಗೆ ಹಿತ. ಬಿಸಿಯಾದದ್ದು ಕುಡಿದರೆ ಕಟ್ಟಿದ ಮೂಗಿಗೆ ಆರಾಮ ಅನಿಸುತ್ತದೆ. ಆದರೆ ಇದು ಔಷಧಿ ಅಲ್ಲ, ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಒಂದು ವರ್ಷದೊಳಗಿನ ಮಗುವಿಗೂ ಕೊಡುವುದಿದ್ದರೆ ಉಪ್ಪು ಹಾಕದೆಯೇ ಸೂಪು ಮಾಡಿ, ಮಗುವಿನ ಪಾಲು ಬೇರೆ ತೆಗೆದಿಟ್ಟ ಮೇಲೆ ಉಪ್ಪು ಹಾಕಿ.

ಸಂಜೆಯವರೆಗೆ

ಇಲ್ಲಿ ಅಸಡ್ಡೆ ಬೇಡ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗಿ ತೀರಿಕೊಂಡಳು. ಬೆಂದ ಮಾಂಸವಾದರೂ ಬೆಚ್ಚಗಿನ ಜಾಗದಲ್ಲಿ ಹೆಚ್ಚು ಹೊತ್ತು ಕೂತರೆ ಕೆಡುತ್ತದೆ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ರೋಗಾಣು ಬೇಗ ಬೇಗ ಹೆಚ್ಚುತ್ತವೆ. ನಮ್ಮ ಅಡುಗೆಮನೆ ಯಾವಾಗಲೂ ಆ ನಡುವೆಯೇ ಇರುತ್ತದೆ, ಅಲ್ವಾ?

ಹಾಗಾಗಿ ಎರಡು ಗಂಟೆಯೊಳಗೆ ಎಲ್ಲವೂ ಫ್ರಿಡ್ಜ್ ಸೇರಬೇಕು. ಬಿಸಿ ಸೂಪಿನ ದೊಡ್ಡ ಪಾತ್ರೆಯನ್ನು ಹಾಗೇ ಒಳಗೆ ಇಟ್ಟರೆ ಪಕ್ಕದ ಹಾಲೂ ಬೆಚ್ಚಗಾಗುತ್ತದೆ. ಬಾವಿಯ ಅಥವಾ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ) ತಣ್ಣೀರು ತುಂಬಿದ ಟಬ್ಬಿನಲ್ಲಿ ಪಾತ್ರೆ ಇಟ್ಟು, ನಡುನಡುವೆ ಕದಡಿ, ನೀರು ಒಮ್ಮೆ ಬದಲಿಸಿ. ಸುರಂಗದ ನೀರು ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ, ಅರ್ಧ ಗಂಟೆಯಲ್ಲಿ ಆರಿಬಿಡುತ್ತದೆ. ಆಮೇಲೆ ಸಣ್ಣ ಡಬ್ಬಗಳಿಗೆ ಹಂಚಿ ಫ್ರಿಡ್ಜಿಗೆ ಇಡಿ. ಮಳೆಗೆ ಕರೆಂಟು ಹೋದರೆ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಡ್ಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ ಆ ಮಾಂಸದ ಆಸೆ ಬಿಡಿ.

ತಣ್ಣಗಾದರೆ ಇನ್ನೊಂದು ಲಾಭ ಇದೆ. ಬಿಸಿ ಮಾಂಸ ಮುಟ್ಟಿದರೆ ಒಡೆಯುತ್ತದೆ, ತಣಿದದ್ದು ಗಟ್ಟಿಯಾಗಿ ನಿಲ್ಲುತ್ತದೆ. ಎರಡು ಮೂರು ಗಂಟೆ ಫ್ರಿಡ್ಜಿನಲ್ಲಿ ಇದ್ದ ಕಾಲನ್ನು ಜಾಲರಿಯ ಮೇಲೆ ಎಷ್ಟು ಸಲ ಮಗುಚಿದರೂ ಬಿಟ್ಟುಹೋಗುವುದಿಲ್ಲ. ಸೂಪಿನ ಡಬ್ಬ ತೆರೆದು ನೋಡಿದರೆ ಮೇಲೆ ಹಳದಿ ನೆಣ ಹೆಪ್ಪುಗಟ್ಟಿರುತ್ತದೆ. ಕೆಳಗಿನ ಸೂಪು ಎಳನೀರು ಬೊಂಡದ ಒಳಗಿನ ಎಳೆ ಗಂಜಿಯ ಹಾಗೆ ಅಲುಗಾಡುತ್ತದೆ. ಎರಡೂ ನಮಗೆ ಬೇಕು.

ಮಸಾಲೆ

ನನ್ನ ತಮ್ಮ ಗಲ್ಫಿನಿಂದ ಬಂದಾಗಲೆಲ್ಲ ಅಲ್ ಫಹಾಂ ಬೇಕು ಅನ್ನುತ್ತಾನೆ. ಉಪ್ಪಳದಿಂದ ಕಾಞಂಗಾಡಿನವರೆಗೆ ಈಗ ಅದರ ಅಂಗಡಿ ಇಲ್ಲದ ಪೇಟೆ ಕಡಿಮೆ. ಅಲ್ಲಿ ಹಸಿ ಕೋಳಿಗೆ ಮಸಾಲೆ ಹಚ್ಚಿ, ಇದ್ದಿಲಿನ ಮೇಲೆ ತುಂಬ ಹೊತ್ತು ಬೇಯಿಸುತ್ತಾರೆ. ನಮ್ಮದು ಆಗಲೇ ಬೆಂದ ಮಾಂಸ. ಅದೇ ರೀತಿ ಸುಟ್ಟರೆ ಸೌದೆಯಾಗುತ್ತದೆ. ಇಲ್ಲಿ ಕೆಂಡದ ಕೆಲಸ ಮೂರೇ: ಹೊರಗೆ ಬಣ್ಣ, ಸ್ವಲ್ಪ ಹೊಗೆ, ಒಳಗೆ ಎಲುಬಿನವರೆಗೆ ಬಿಸಿ.

ಬೆಂದ ಮಾಂಸ ಮಸಾಲೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ರಾತ್ರಿಯಿಡೀ ನೆನೆಸಿಟ್ಟರೂ ಪ್ರಯೋಜನ ಇಲ್ಲ. ಹೊರಗೆ ದಪ್ಪಗೆ ಅಂಟಿ ನಿಲ್ಲುವ ಮಸಾಲೆ ಬೇಕು. ಎಂಟು ಬ್ಯಾಡಗಿ ಮೆಣಸು ಬಿಸಿನೀರಿನಲ್ಲಿ ನೆನೆಸಿ. ಖಾರಕ್ಕೆ ಮೂರು ನಾಲ್ಕು ಗಾಂಧಾರಿ ಮೆಣಸು. ಕೊತ್ತಂಬರಿ ಬೀಜ ಒಂದು ಚಮಚ ಹುರಿದು, ಬೆಳ್ಳುಳ್ಳಿ ಆರು ಎಸಳು, ಶುಂಠಿ ಒಂದು ತುಂಡು. ಹುಳಿಗೆ ನೆನೆಸಿದ ಪುನರ್ಪುಳಿ (ಕೋಕಂ) ನಾಲ್ಕು ಸಿಪ್ಪೆ, ಇಲ್ಲದಿದ್ದರೆ ಲಿಂಬೆ. ರುಬ್ಬುವಾಗ ನೀರು ಬೇಡ, ಆ ಹೆಪ್ಪುಗಟ್ಟಿದ ಸೂಪನ್ನೇ ಎರಡು ಮೂರು ಚಮಚ ಹಾಕಿ. ಕೊನೆಗೆ ಒಂದು ದೊಡ್ಡ ಚಮಚ ಅಕ್ಕಿ ಹಿಟ್ಟು ಕಲಸಿ. ಅಕ್ಕಿ ಹಿಟ್ಟು ಮಸಾಲೆಯನ್ನು ಮಾಂಸಕ್ಕೆ ಹಿಡಿಸುತ್ತದೆ, ಕೆಂಡಕ್ಕೆ ತಾಗಿದಾಗ ಗರಿಯಾಗುತ್ತದೆ. ಉಪ್ಪು ನೋಡಿಕೊಂಡು ಹಾಕಿ, ಮಾಂಸದಲ್ಲಿ ಆಗಲೇ ಸ್ವಲ್ಪ ಇದೆ.

ಮಾಂಸದ ಮೇಲಿನ ನೀರು ಒರೆಸಿ, ಮಸಾಲೆ ಹಚ್ಚಿ, ಅರ್ಧ ಗಂಟೆ ಫ್ರಿಡ್ಜಿನಲ್ಲಿ ಇಡಿ. ಒದ್ದೆ ಮಾಂಸಕ್ಕೆ ಹಚ್ಚಿದರೆ ಮಸಾಲೆ ಜಾರಿ ಕೆಂಡಕ್ಕೆ ಬೀಳುತ್ತದೆ.

ಕೆಂಡ

ತೆಂಗಿನ ನಾಡಿನಲ್ಲಿ ಇದ್ದುಕೊಂಡು ಇದ್ದಿಲು ಕೊಳ್ಳಬೇಕಾಗಿಲ್ಲ. ಒಣಗಿದ ಗೆರಟೆ, ಅಂದರೆ ತೆಂಗಿನ ಚಿಪ್ಪು, ಹದಿನೈದು ಇಪ್ಪತ್ತು ಇದ್ದರೆ ಒಂದು ಕೋಳಿಗೆ ಸಾಕು. ಗೆರಟೆಯ ಕೆಂಡ ಬಿಸಿ ಜಾಸ್ತಿ, ಹೊಗೆ ಕಡಿಮೆ, ಆದರೆ ಬೇಗ ಮುಗಿಯುತ್ತದೆ. ನಮಗೆ ಬೇಕಾದದ್ದೂ ಹತ್ತು ಹದಿನೈದು ನಿಮಿಷದ ಬಿಸಿಯೇ. ಒಣ ತೆಂಗಿನ ಸಿಪ್ಪೆಯ ನಾರಿನಿಂದ ಬೆಂಕಿ ಹಿಡಿಸಿ. ಸೀಮೆಎಣ್ಣೆ ಹಾಕಬೇಡಿ, ಅದರ ವಾಸನೆ ಮಾಂಸಕ್ಕೆ ಹತ್ತುತ್ತದೆ. ಅಡಿಕೆ ಸಿಪ್ಪೆಯೂ ಬೇಡ, ಹೊಗೆ ಕಣ್ಣು ಬಿಡಲು ಬಿಡುವುದಿಲ್ಲ.

ಗೆರಟೆ ಮೊದಲು ದೊಡ್ಡ ಜ್ವಾಲೆಯಲ್ಲಿ ಉರಿಯುತ್ತದೆ. ಆಗ ಮಾಂಸ ಇಡಬಾರದು, ಮಸಿ ಹಿಡಿಯುತ್ತದೆ. ಜ್ವಾಲೆ ಇಳಿದು, ಕೆಂಡದ ಮೇಲೆ ತೆಳ್ಳಗೆ ಬೂದಿ ಕಾಣುವವರೆಗೆ ಕಾಯಿರಿ. ಜಾಲರಿಯ ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ನಾಲ್ಕೈದು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕು ಅನಿಸಿದರೆ ಹದ ಸರಿ. ಒಂದು ಎರಡಕ್ಕೇ ಸುಟ್ಟರೆ ಕೆಂಡ ಸ್ವಲ್ಪ ಹರಡಿ.

ಮೀನು ಸುಡುವ, ಎರಡು ಬದಿ ಮುಚ್ಚುವ ಜಾಲರಿ ಇದ್ದರೆ ಅದೇ ಒಳ್ಳೆಯದು. ಜಾಲರಿ ಚೆನ್ನಾಗಿ ಕಾಯಲಿ, ಆಮೇಲೆ ತೆಂಗಿನೆಣ್ಣೆ ಹಚ್ಚಿ ಮಾಂಸ ಇಡಿ. ಮೊದಲು ಚರ್ಮದ ಬದಿ ಕೆಳಗೆ. ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ಮಸಾಲೆ ಗಟ್ಟಿಯಾದ ಮೇಲೆ ತಾನೇ ಜಾಲರಿ ಬಿಡುತ್ತದೆ. ಮಗುಚಿ, ಕರಗಿಸಿದ ಕೋಳಿ ನೆಣವನ್ನು ಕರಿಬೇವಿನ ಗೊಂಚಲಿನಿಂದ ಮೇಲೆ ಸವರಿ. ಕರಿಬೇವು ಬಿಸಿಗೆ ಬಾಡುತ್ತಾ ಅದರ ಪರಿಮಳವೂ ಮಾಂಸಕ್ಕೆ ಇಳಿಯುತ್ತದೆ. ನೆಣ ಕೆಂಡಕ್ಕೆ ಬಿದ್ದು ಭಗ್ಗೆಂದರೆ ಜಾಲರಿಯನ್ನು ಪಕ್ಕಕ್ಕೆ ಸರಿಸಿ, ನೀರು ಎರಚಬೇಡಿ, ಬೂದಿ ಹಾರಿ ಮಾಂಸಕ್ಕೆ ಅಂಟುತ್ತದೆ. ಇನ್ನೊಂದು ಸಲ ಎರಡೂ ಬದಿ ಮಗುಚಿ, ಒಟ್ಟು ಹತ್ತು ಹನ್ನೆರಡು ನಿಮಿಷ. ತೊಡೆಯ ಎಲುಬಿನ ಹತ್ತಿರ ಚೂರಿ ಚುಚ್ಚಿ ತೆಗೆದು ಮಣಿಕಟ್ಟಿಗೆ ತಾಗಿಸಿ ನೋಡಿ. ಸುಡುವಷ್ಟು ಬಿಸಿ ಇದ್ದರೆ ಆಯಿತು. ಬೆಚ್ಚಗೆ ಅಷ್ಟೇ ಇದ್ದರೆ ಇನ್ನೂ ಇಡಿ. ಕಪ್ಪಾಗಿ ಕರಟಿದ ಭಾಗ ಇದ್ದರೆ ಕೆರೆದು ತೆಗೆಯಿರಿ.

ಉಳಿದ ಎದೆ ಮಾಂಸವನ್ನು ಹೀಗೆ ಸುಡಬೇಡಿ. ಅದರಲ್ಲಿ ನೆಣ ಇಲ್ಲ, ಒಣಗುತ್ತದೆ. ಅದನ್ನು ದೊಡ್ಡ ಎಳೆಯಾಗಿ ಬಿಡಿಸಿ, ಉಳಿದ ಮಸಾಲೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಹಿಡಿ ತೆಂಗಿನ ತುರಿ, ಎರಡು ಚಮಚ ಹೆಪ್ಪು ಸೂಪು ಕಲಸಿ. ಬಾಡಿಸಿದ ಬಾಳೆ ಎಲೆಯಲ್ಲಿ ಬಿಗಿಯಾಗಿ ಸುತ್ತಿ, ಬಾಳೆ ನಾರಿನಿಂದ ಕಟ್ಟಿ, ಕೆಂಡದ ಅಂಚಿನಲ್ಲಿ ಇಡಿ. ಬದಿಗೆ ಐದಾರು ನಿಮಿಷ. ಎಲೆ ಹೊರಗೆ ಕಪ್ಪಾಗುತ್ತದೆ, ಒಳಗೆ ಸೂಪು ಕರಗಿ ಮಾಂಸ ಅದರಲ್ಲೇ ಮತ್ತೆ ನೆನೆಯುತ್ತದೆ. ನಮ್ಮ ಮನೆಯಲ್ಲಿ ಕಾಲಿಗಿಂತ ಮೊದಲು ಖಾಲಿಯಾಗುವುದು ಈ ಎಲೆಯ ಪೊಟ್ಟಣ.

ಮಳೆ ಬರುತ್ತಿದ್ದರೆ ಏನು ಮಾಡುವುದು? ಕೆಂಡವನ್ನು ಮನೆಯೊಳಗೆ, ಮುಚ್ಚಿದ ಕೋಣೆಗೆ ತರಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ನಾಲ್ಕೂ ಕಡೆ ಗಾಳಿ ಆಡುವ ಕೊಟ್ಟಿಗೆಯ ಮಾಡಿನ ಕೆಳಗೆ, ಒಣಹುಲ್ಲಿನಿಂದ ದೂರ ಸುಡಬಹುದು. ಹಂಡೆಗೆ ನೀರು ಕಾಯಿಸುವ ಬಚ್ಚಲೊಲೆ ಇನ್ನೂ ಇರುವ ಮನೆಯವರು ಪುಣ್ಯವಂತರು, ಹೊಗೆ ಹೋಗಲು ದಾರಿ ಇದ್ದರೆ ಒಲೆಯ ಬಾಯಿಯಲ್ಲೇ ಜಾಲರಿ ಹಿಡಿಯಬಹುದು. ಯಾವುದೂ ಇಲ್ಲ ಅಂದರೆ ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ಕೋಳಿ ನೆಣದಲ್ಲೇ ಬದಿಗೆ ನಾಲ್ಕೈದು ನಿಮಿಷ ಒತ್ತಿ ಸುಡಿ. ಓವನ್ ಇದ್ದರೆ 220 ಡಿಗ್ರಿಯಲ್ಲಿ ಮೇಲಿನ ಹಂತದಲ್ಲಿ ಹದಿನೈದು ನಿಮಿಷ. ಹೊಗೆಯ ರುಚಿ ಸಿಗುವುದಿಲ್ಲ, ಉಳಿದದ್ದೆಲ್ಲ ಸಿಗುತ್ತದೆ.

ಇಳಿಸಿದ ಮೇಲೆ ಅಡಿಕೆ ಹಾಳೆಯ ತಟ್ಟೆಯಲ್ಲಿ ಐದು ನಿಮಿಷ ಬಿಡಿ. ಹಸಿ ಈರುಳ್ಳಿ, ಲಿಂಬೆ ಹೋಳು ಪಕ್ಕಕ್ಕೆ. ನೀರ್ ದೋಸೆ ಇದ್ದರೆ ಅದರ ಜೊತೆ, ಇಲ್ಲದಿದ್ದರೆ ಪತ್ತಿರಿ ಅನ್ನುವ ಅಕ್ಕಿ ರೊಟ್ಟಿ. ಸುಟ್ಟದ್ದನ್ನು ಅಂದೇ ಮುಗಿಸಿ, ಇನ್ನೊಮ್ಮೆ ಬಿಸಿ ಮಾಡಿಡಬೇಡಿ.

ಉಳಿದ ಸೂಪು ಫ್ರಿಡ್ಜಿನಲ್ಲಿ ಮೂರು ದಿನ ಇರುತ್ತದೆ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು. ನಾನು ಅದನ್ನು ಅರ್ಧಕ್ಕೆ ಇಂಗಿಸಿ ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸುತ್ತೇನೆ. ಬೆಳಿಗ್ಗೆ ಗಂಜಿ ಕುದಿಯುವಾಗ ಎರಡು ಗಡ್ಡೆ ಹಾಕಿ, ಚೆನ್ನಾಗಿ ಕುದಿ ಬಂದ ಮೇಲೆ ಇಳಿಸಿ. ಮೇಲೆ ಒಂದು ಚಿಟಿಕೆ ಕಾಳುಮೆಣಸಿನ ಪುಡಿ, ಬದಿಗೆ ಮಿಡಿ ಉಪ್ಪಿನಕಾಯಿ.